ಕೆಳಗಿನ ಸಾಲಿನ ಹನ್ನೆರಡು

೪ ಜುಲೈ ೨೦೧೧, ಸೋಮವಾರ. ರಾಯದುರ್ಗ

ಇದನ್ನು ಬರೆಯದೇ ಬಿಡುವವಳಿದ್ದೆ. ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಿರುವುದು ಇಬ್ಬರಿಗೆ, ಅದರಲ್ಲಿ ಒಬ್ಬನನ್ನು ಮೊನ್ನೆ ಶನಿವಾರ ಮನೆಗೆ ಕಳಿಸಿ ಆಯಿತು. ಬೋರಣ್ಣ ನನ್ನನ್ನು ಕೇಳಿದ್ದ. ನಾನು ಹೂಂ ಅಂದಿದ್ದೆ.

ಸಾಲಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ಬೇಕಾದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ನಾನು ಪಾಠ ಮಾಡುವ ಫಾರ್ಮಸಿ ಕಾಲೇಜಿನ ಅನಿಮಲ್ ಹೌಸಿನಲ್ಲಿ ನನ್ನ ಪಿಎಚ್‌ಡಿಯ ಇಪ್ಪತ್ತನಾಲ್ಕು ಇಲಿಗಳಿವೆ. ಮೇಲಿನ ಸಾಲಿನಲ್ಲಿ ಹನ್ನೆರಡು, ಕೆಳಗಿನ ಸಾಲಿನಲ್ಲಿ ಹನ್ನೆರಡು. ಪಂಜರಕ್ಕೆ ಒಂದೇ ಇಲಿ, ಅದು ನಿಯಮ. ಎರಡು ಕೋಣೆಯ ಮರದ ಪೆಟ್ಟಿಗೆಯೊಂದನ್ನು ಮಾಡಿಸಿದ್ದೇನೆ. ನಡುವೆ ಮೇಲೆತ್ತುವ ಬಾಗಿಲು. ಒಂದು ಕೋಣೆಯ ನೆಲಕ್ಕೆ ಜೀನ್ಸ್ ಬಟ್ಟೆ, ಇನ್ನೊಂದಕ್ಕೆ ನುಣುಪಾದ ರೆಕ್ಸಿನ್. ಜೀನ್ಸ್ ಕೋಣೆಯಲ್ಲಿ ಇಲಿಗೆ ಆಂಫೆಟಮಿನ್ ಕೊಡುತ್ತೇವೆ, ಅಂದರೆ ಮೈಮನಸ್ಸನ್ನು ಕೆರಳಿಸಿ ಚುರುಕು ಮಾಡುವ, ಚಟ ಹಿಡಿಸುವ ಮದ್ದು. ರೆಕ್ಸಿನ್ ಕೋಣೆಯಲ್ಲಿ ಬರೀ ಉಪ್ಪುನೀರಿನ ಇಂಜೆಕ್ಷನ್. ಕೆಲವು ದಿನ ಕಳೆದ ಮೇಲೆ ಮದ್ದಿಲ್ಲದೆ ಬಾಗಿಲೆತ್ತಿದರೆ ಇಲಿ ತಾನಾಗಿ ಜೀನ್ಸ್ ಕೋಣೆಗೆ ಹೋಗಿ ಕೂರುತ್ತದೆ. ಮದ್ದನ್ನು ಹುಡುಕಿಕೊಂಡು ಹೋಗುತ್ತದೆ. ಆಮೇಲೆ ಎರಡು ವಾರ ಯಾವ ಕೋಣೆಯಲ್ಲೂ ಏನೂ ಕೊಡದೆ ಮರೆಸುತ್ತೇವೆ. ಮರೆತ ಮೇಲೆ ಒಂದೇ ಒಂದು ಚಿಕ್ಕ ಡೋಸ್ ಕೊಟ್ಟು ಮತ್ತೆ ಬಾಗಿಲೆತ್ತುತ್ತೇವೆ. ಮತ್ತೆ ಓಡಬೇಕು. ಹಾಗೆ ಓಡುವ ಇಲಿಗಳಿಗೆ ನನ್ನ ಗೈಡ್ ರಂಗನಾಥ್ ಸರ್ ಅವರ ಬೇರಿನ ಕಷಾಯ ಕುಡಿಸಿ, ಹಂಬಲ ಇಳಿಯಿತೇ ಎಂದು ನೋಡುವುದು ಕೊನೆಯ ಹಂತ.

ಮೇಲಿನ ಸಾಲು ಓಡಿತು. ಕೆಳಗಿನ ಸಾಲು ಓಡಲಿಲ್ಲ. ಎರಡೂ ಕೋಣೆಗಳನ್ನು ಮೂಸಿ, ಮೈ ನೆಕ್ಕಿಕೊಂಡು, ಬಾಗಿಲ ಬಳಿ ಸುಮ್ಮನೆ ಕೂತವು.

ಶನಿವಾರ ಸರ್ ಕಾರಣ ಹುಡುಕಲು ಬಂದರು. ಕೆಳಗಿನ ಸಾಲಿನ ಆರು ಪಂಜರಗಳಲ್ಲಿ ಒಂದೊಂದರಲ್ಲಿ ಎರಡೆರಡು ಇಲಿಗಳು, ಒಂದರ ಬೆನ್ನ ಮೇಲೆ ಒಂದು ತಲೆಯಿಟ್ಟು ಮಲಗಿದ್ದವು. ಪಕ್ಕದ ಆರು ಪಂಜರ ಖಾಲಿ. ಬೋರಣ್ಣ ಅಲ್ಲೇ ನೆಲ ಒರೆಸುತ್ತಿದ್ದ. ಹನ್ನೊಂದು ವರ್ಷದಿಂದ ಇಲ್ಲಿನ ಅಟೆಂಡರ್. ಊರು ಅತ್ತ ಮಡಕಶಿರಾ ಕಡೆಯ ರತ್ನಗಿರಿ, ಕುರಿ ಕಾಯುವವರ ಮನೆಯವನು. "ಯಾರು ಹೇಳಿದ್ದು ನಿಂಗೆ?" ಎಂದು ಸರ್ ಕೂಗಿದರು. ಅವನು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಮಾತಾಡುತ್ತಿದ್ದೆನೋ ಏನೋ. ಅದೂ ಸುಳ್ಳಿರಬಹುದು.

ಜೂನ್ ಮೊದಲ ವಾರ, ನಾನು ಯೂನಿವರ್ಸಿಟಿಯವರ ಜೊತೆ ಫೋನಿನಲ್ಲಿದ್ದಾಗ ಬಂದು ನಿಂತಿದ್ದ. "ಅಮ್ಮಾ, ಕೆಳಗಡೆ ಸಾಲಿನವು ಮೇವು ಮುಟ್ತಿಲ್ಲ. ಒಂಟಿ ಮಡಗಿದ್ರೆ ಮೇಯಾಕಿಲ್ಲ ಇವು. ಜೊತೆ ಮಾಡ್ಲಾ?" ಪ್ರತಿ ಮಾತೂ ಕೇಳಿಸಿತ್ತು. ಹೂಂ ಅಂದೆ. ಮೂರು ದಿನದ ನಂತರ ಜೋಡಿಗಳನ್ನು ಕಣ್ಣಾರೆ ನೋಡಿದೆ, ಆಮೇಲೆ ವಿಚಾರಿಸೋಣ ಅಂದುಕೊಂಡೆ. ವಿಚಾರಿಸಲಿಲ್ಲ.

ಇವತ್ತು ಐದು ಕಾಫಿ. ಮುಂದಿನ ಕೋಣೆಯಲ್ಲಿ ಬಾಡಿಗೆಗಿರುವ ಅನ್ನದಾನಮ್ಮ ಎಂಬಾಕೆಯ ಹೊಲಿಗೆ ಮಷೀನಿನ ಸದ್ದಿಗೆ ತಲೆ ಸಿಡಿಯುತ್ತಿದೆ. ನಡುಬಾಗಿಲು ಹಾಕಿಕೊಂಡೆ.

೬ ಜುಲೈ, ಬುಧವಾರ

ಸರ್ ಕರೆಸಿದರು. ಮೇಜಿನ ಮೇಲೆ ಟೈಪ್ ಆದ ಒಂದು ಹಾಳೆ.

"ತ್ರಿವೇಣಿಗಾರೂ, ಇದು ಪರ್ಸನಲ್ ಅಲ್ಲ. ಎನ್‌ಕ್ವೈರಿ ಕಮಿಟಿ ಆಗಸ್ಟ್ ಐದಕ್ಕೆ ಅನಂತಪುರದಲ್ಲಿ ಕೂರುತ್ತೆ. ಅಟೆಂಡರ್ ಪ್ರಾಣಿಗಳನ್ನು ಕಲಬೆರಕೆ ಮಾಡಿದ ಅಂತ ನೀವೊಂದು ಸಂತಕಂ, ಸಹಿ ಹಾಕಿದರೆ ಆ ಹನ್ನೆರಡನ್ನು ಲೆಕ್ಕದಿಂದ ತೆಗೀಬಹುದು. ಹೊಸ ಹನ್ನೆರಡು ಸ್ಯಾಂಕ್ಷನ್ ಆಗುತ್ತೆ. ಡಿಸೆಂಬರಿಗೆ ನಿಮ್ಮ ಥೀಸಿಸ್."

"ಬೋರಣ್ಣ?"

"ಅವನಿಗೇನು, ಊರಲ್ಲಿ ಕುರಿ ಇದಾವೆ."

ಸೆಪ್ಟೆಂಬರಿಗೆ ಬೋರಣ್ಣನ ಕೆಲಸ ಪರ್ಮನೆಂಟ್ ಆಗಬೇಕಿತ್ತು. ಈ ಹಾಳೆಗೆ ಸಹಿ ಬಿದ್ದರೆ ಅದು ಹೋಯಿತು. ಚಟದ ಮದ್ದಿನ ಪ್ರಯೋಗದಲ್ಲಿ ಕೈಯಾಡಿಸಿದವನು ಎಂದು ಬರೆಸಿಕೊಂಡವನನ್ನು ಇನ್ನಾವ ಕಾಲೇಜೂ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಹಾಳೆ ಮನೆಗೆ ತಂದೆ. ಓದಿ ಹೇಳುತ್ತೇನೆ ಅಂದೆ. ಅಲ್ಲೇ ಹರಿಯಬಹುದಿತ್ತು. ನಾನು ಹರಿಯುವ ಜಾತಿಯವಳಲ್ಲ, ಮಡಚಿ ಇಟ್ಟುಕೊಳ್ಳುವವಳು. ಇದನ್ನು ಒಳ್ಳೆಯ ಗುಣ ಎಂದು ಇಷ್ಟು ದಿನ ಅಂದುಕೊಂಡಿದ್ದೆ.

ಕೆಳಗಿನ ಸಾಲನ್ನು ಶನಿವಾರವೇ ಬಿಡಿಸಿ ಒಂದೊಂದಾಗಿ ಇಟ್ಟಿದ್ದಾರೆ. ಏಜೆನ್ಸಿಯಿಂದ ಬಂದ ಹೊಸ ಆಳು ಗ್ಲೌಸ್ ಹಾಕಿಕೊಂಡೇ ಮುಟ್ಟುತ್ತಾನೆ, ನಿಯಮದ ಪ್ರಕಾರ. ಆರು ಕಾಫಿ.

೯ ಜುಲೈ, ಶನಿವಾರ

ಇಡೀ ದಿನ ಹಳೆಯ ವಿಡಿಯೋಗಳನ್ನು ನೋಡಿದೆ. ಕೆಳಗಿನ ಸಾಲಿನ ಹನ್ನೆರಡರಲ್ಲಿ ಎರಡೇ ಇಲಿಗಳು ಜೀನ್ಸ್ ಕೋಣೆಯಲ್ಲಿ ಹೆಚ್ಚು ಹೊತ್ತು ಕೂತಿವೆ. ಮೇಲಿನ ಸಾಲಿನಲ್ಲಿ ಹನ್ನೊಂದು.

ಮದ್ದು ಅದೇ, ಡೋಸ್ ಅದೇ, ಕೊಟ್ಟ ಕೈ ನನ್ನದೇ. ಬದಲಾದದ್ದು ಒಂದೇ: ಮಲಗುವಾಗ ಪಕ್ಕದಲ್ಲಿ ಇನ್ನೊಂದು ಮೈ.

ಎಚ್ಚರಿಕೆ. ಇದು ಯೋಜಿಸಿದ ಪ್ರಯೋಗವಲ್ಲ. ಯಾವ ಇಲಿಗೆ ಯಾವುದು ಜೊತೆ ಎಂದು ನಾನು ಚೀಟಿ ಎತ್ತಲಿಲ್ಲ, ಬೋರಣ್ಣ ಮುಖ ನೋಡಿ ಮಾಡಿದ್ದು. ಕೆಳಗಿನ ಸಾಲಿಗೆ ಬೆಳಕೂ ಕಡಿಮೆ. ಇದನ್ನಿಟ್ಟುಕೊಂಡು ಏನನ್ನೂ ಸಾಬೀತು ಮಾಡಲಾಗದು. ಆದರೆ ಇದನ್ನು ಕಲಬೆರಕೆ ಎಂದು ಕರೆಯಲು ನನ್ನಿಂದಾಗದು. ಏಳು ವರ್ಷದಲ್ಲಿ ಈ ಪೆಟ್ಟಿಗೆ ನನಗೆ ಹೇಳಿದ ಮೊದಲ ಹೊಸ ಮಾತು ಇದು. ಹೇಳಿಸಿದವನನ್ನು ನಾವು ಗೇಟಿನ ಆಚೆ ನಿಲ್ಲಿಸಿದ್ದೇವೆ.

೧೩ ಜುಲೈ, ಬುಧವಾರ

ಇವತ್ತು ಕೂತು ಒಂದು ಹೇಳಿಕೆ ಬರೆಯಲು ನೋಡಿದೆ, ಇಂಗ್ಲಿಷಿನಲ್ಲಿ. ಇಲಿಗಳು ಜೊತೆಯಾಗಿರುವುದು ಕಂಡುಬಂತು, ನಿಯಮದಿಂದ ವಿಚಲನೆ ಆಗಿತ್ತು. ಬಳ್ಳಾರಿಯ ಕಾನ್ವೆಂಟಿನಿಂದ ಹಿಡಿದು ನಾನು ಕಲಿತದ್ದೆಲ್ಲ ಇದೇ ಭಾಷೆಯಲ್ಲಿ. ಲ್ಯಾಬ್ ವರದಿಯಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲ ತಾನಾಗಿ ಆಗಿರುತ್ತದೆ. ಎರಡು ಪುಟ ಬರೆದೆ, ಒಂದು ಸಲವೂ ‘ನಾನು’ ಎಂಬ ಪದ ಬರಲಿಲ್ಲ.

ಹರಿದೆ.

೧೫ ಜುಲೈ, ಶುಕ್ರವಾರ

ಸರ್ ಊರಲ್ಲಿಲ್ಲ. ಕೆಳಗಿನ ಸಾಲನ್ನು ಇನ್ನೊಂದು ಸಲ ಪೆಟ್ಟಿಗೆಗೆ ಬಿಟ್ಟೆ. ಹದಿಮೂರು ದಿನದಿಂದ ಅವು ಒಂಟಿ. ಈ ಸಲ ಚಿಕ್ಕ ಡೋಸನ್ನೂ ಕೊಡಲಿಲ್ಲ, ಬರಿಗೈ. ಪಂಜರದ ನಂಬರುಗಳಿಗೆ ಕಾಗದ ಅಂಟಿಸಿ, ಎರಡೂ ಸಾಲನ್ನು ಬೆರೆಸಿ ತರಲು ಹೊಸ ಆಳಿಗೆ ಹೇಳಿದೆ. ಯಾವುದು ಯಾವ ಸಾಲಿನದೆಂದು ಗೊತ್ತಾದರೆ ನನ್ನ ಕಣ್ಣು ನನಗೆ ಬೇಕಾದ್ದನ್ನೇ ಎಣಿಸುತ್ತದೆ.

ಸಂಜೆ ಕಾಗದ ಕಿತ್ತೆ. ಮೇಲಿನ ಸಾಲಿನವು ಹತ್ತು, ಜೀನ್ಸ್ ಕೋಣೆಗೆ. ಕೆಳಗಿನ ಸಾಲಿನವು ಒಂಬತ್ತು.

ಎರಡಿದ್ದದ್ದು ಒಂಬತ್ತು.

ಅದರಲ್ಲೊಂದು, ಎಡಗಿವಿ ಸೀಳಿದ್ದು, ಬಾಗಿಲೆತ್ತುವುದಕ್ಕೂ ಬಿಡದೆ ಸಂದಿಯಲ್ಲಿ ಮೂತಿ ತೂರಿಸಿ ನುಗ್ಗಿತು. ಜೀನ್ಸ್ ಬಟ್ಟೆಯ ಮೂಲೆಯನ್ನು ಹಲ್ಲಿನಿಂದ ಜಗ್ಗುತ್ತ, ಇಲ್ಲದ ಮದ್ದನ್ನು ಹದಿನೈದು ನಿಮಿಷ ಹುಡುಕಿತು. ಕೊನೆಗೆ ನಾನೇ ಎತ್ತಿಕೊಂಡೆ. ಗ್ಲೌಸ್ ಹಾಕಿಕೊಳ್ಳಲು ಮರೆತಿದ್ದೆ.

ಹೊಸ ಆಳಿನ ಭಯವಿರಬಹುದು. ಬೋರಣ್ಣನ ಬೀಡಿಯ ವಾಸನೆ ಇಲ್ಲದ್ದಕ್ಕೆ ಕಂಗಾಲಾಗಿರಬಹುದು. ಎಲ್ಲವನ್ನೂ ಪಟ್ಟಿ ಮಾಡಿದೆ. ಪಟ್ಟಿ ಮುಗಿದ ಮೇಲೆ ವಿಡಿಯೋ ಹಾಕಿ ಮತ್ತೆ ಎಣಿಸಿದೆ, ಒಂಬತ್ತೇ. ಇವತ್ತು ಏಳು ಕಾಫಿ.

೧೬ ಜುಲೈ, ಶನಿವಾರ

ಪೆಟ್ಟಿಗೆಯ ನೆಲಕ್ಕೆ ಹೊಸ ಜೀನ್ಸ್ ಬಟ್ಟೆ ಬೇಕಿತ್ತು. ನಡುಬಾಗಿಲು ತೆರೆದು ಅನ್ನದಾನಮ್ಮನನ್ನು ಕೇಳಿದೆ. ಆಕೆಯ ಹತ್ತಿರ ಎರಡು ಮಷೀನ್. ಇನ್ನೊಂದರಲ್ಲಿ ಹೊಲಿಯುತ್ತಿದ್ದ ಗೆಳತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಎರಡು ತಿಂಗಳಾಯಿತಂತೆ. ಅದರ ಮೇಲೆ ಈಗ ಕಟ್ ಪೀಸಿನ ಗುಡ್ಡ.

"ತಗೋರಿ, ಎಷ್ಟು ಬೇಕು ತಗೋರಿ. ಪ್ಯಾಂಟ್ ಹೊಲಿಸ್ತೀರೇನ್ ಮೇಡಂ ಇಲಿಗೆ? ಅಳತಿ ಕೊಡ್ರಿ ಮತ್ತ."

ಯಾಕೋ ಎಲ್ಲ ಹೇಳಿಬಿಟ್ಟೆ. ಹೂಂ ಅಂದದ್ದನ್ನು ಬಿಟ್ಟು. ಆಕೆ ಮಷೀನ್ ನಿಲ್ಲಿಸಿ ಕೇಳಿದಳು.

"ಅಂದ್ರ, ಒಂಟಿ ಇಟ್ರ ಚಟಕ್ಕ ಬೀಳತಾವ ಅಂತೀರಿ."

"ಹಾಗೆ ಹೇಳೋಕೆ ಬರಲ್ಲ. ಇನ್ನೂ ಬೇಕಾದಷ್ಟು ಕಾರಣ ಇರಬಹುದು."

"ಇರಲಿ ಬಿಡ್ರಿ. ನೀವು ಒಬ್ಬಾಕಿನ ಬಾಗಿಲಾ ಹಾಕ್ಕೊಂಡು ಕುಂತು ಫ್ಲಾಸ್ಕ್‌ಗಟ್ಲೆ ಕಾಫಿ ಕುಡಿಯೋದನ್ನ ನಾ ಎರಡು ವರ್ಷದಿಂದ ನೋಡಕತ್ತೀನಿ. ಅದಕ್ಕ ಯಾಕ ಯಾರೂ ವಿಡಿಯೋ ಹಿಡೀವಲ್ಲರು?"

ನಾನು ಇಲಿಯಲ್ಲ ಎಂದು ಹೇಳಿ ಬಟ್ಟೆ ತೆಗೆದುಕೊಂಡು ಬಂದೆ. ಈ ಜನಕ್ಕೆ ಯಾವ ಸಂಗತಿಯನ್ನು ಯಾವುದಕ್ಕೆ ಹೋಲಿಸಬೇಕೆಂಬುದೇ ತಿಳಿಯುವುದಿಲ್ಲ. ಮದುವೆ ಮುರಿದು ಒಂಬತ್ತು ವರ್ಷವಾಯಿತು. ಒಬ್ಬಳೇ ಇರುವುದು ನನ್ನ ಆಯ್ಕೆ.

ನಾಳೆ ಭಾನುವಾರ. ರತ್ನಗಿರಿಗೆ ಹೋಗುತ್ತೇನೆ. ಹೇಳಬೇಕಾದ್ದನ್ನು ಮೊದಲು ಹೇಳಬೇಕಾದವನಿಗೇ ಹೇಳುತ್ತೇನೆ.

೧೭ ಜುಲೈ, ಭಾನುವಾರ

ಬೆಳಿಗ್ಗೆ ಐದರ ಬಸ್ಸಿಗೆ ಹೊರಟು ಕಲ್ಯಾಣದುರ್ಗದಲ್ಲಿ ಬದಲಿಸಿ, ಮಡಕಶಿರಾದಲ್ಲಿ ಮತ್ತೆ ಬದಲಿಸಿ, ರೊಳ್ಳ ಊರಿನ ಮೇಲಿಂದ ರತ್ನಗಿರಿ ಮುಟ್ಟುವಾಗ ಹನ್ನೊಂದೂವರೆ. ಕೋಟೆ ಬೆಟ್ಟದ ಬುಡದಲ್ಲಿ ಬೋರಣ್ಣನ ಮನೆ. ಜಗಲಿಯಲ್ಲಿ ಕಾಳು ಆರಿಸುತ್ತಿದ್ದ ಹೆಂಗಸು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಓ, ಇಲಿ ಮೇಡಮ್ಮೋರಾ? ಬರ್ರಿ ಬರ್ರಿ. ನಮ್ಮನೇರು ಇಲಿಗೆ ಜೊತೆ ಹುಡುಕಾಕೋಗಿ ಕೆಲಸ ಕಳ್ಕಂಡು ಬಂದವ್ರೆ. ಕಟ್ಕಂಡೋಳು ಹನ್ನೊಂದು ವರ್ಸದಿಂದ ಇಲ್ಲಿ ಒಂಟಿ ಅವ್ಳೆ ಅಂಬೋ ಗ್ಯಾನ ಮಾತ್ರ ಬರ್ನಿಲ್ಲ."

ಒಳಗಿನಿಂದ ಬೋರಣ್ಣ: "ಸುಮ್ಕಿರೇ ಕೆಂಪಿ, ಬಂದೋರ ಮುಂದೆ."

"ಯಾಕೆ ಸುಮ್ಕಿರ್ಲಿ? ಸುಮ್ಕಿದ್ದಿದ್ದಕ್ಕೇ ಅಲ್ವಾ ನೀನು ಮನೇಲಿರೋದು!"

ಕೆಂಪಕ್ಕ ಹಿಂದೂಪುರದ ಕಡೆಯ ಗಾರ್ಮೆಂಟ್ಸಿಗೆ ದಿನಾ ವ್ಯಾನಿನಲ್ಲಿ ಹೋಗಿಬರುತ್ತಾರೆ, ಭಾನುವಾರ ರಜೆ. ಗಂಡ ರಾಯದುರ್ಗದಲ್ಲಿ ಅನಿಮಲ್ ಹೌಸಿನ ಪಕ್ಕದ ಕೋಣೆಯಲ್ಲಿ, ಹೆಂಡತಿ ಇಲ್ಲಿ. ಇಷ್ಟು ವರ್ಷದಲ್ಲಿ ಇದನ್ನು ನಾನೊಮ್ಮೆಯೂ ಕೇಳಿರಲಿಲ್ಲ.

ಬೋರಣ್ಣ ಹೊರಬಂದು ಮೊದಲು ಕೇಳಿದ್ದು: "ಆ ಕಿವಿ ಸೀಳಿದ್ದು ಎಂಗೈತಮ್ಮ? ಮೇಯ್ತೈತಾ?"

ಒಂಟಿ ಮಾಡಿದ್ದಾರೆ ಅಂದೆ. ಎಲ್ಲವನ್ನೂ. ಒಂಬತ್ತು ಜೀನ್ಸ್ ಕೋಣೆಗೆ ಹೋದವು ಅಂದೆ, ಸರ್ ಕೊಟ್ಟ ಹಾಳೆಯ ವಿಷಯವನ್ನೂ ಹೇಳಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬನ್ನಿ ಎಂದು ಹಿತ್ತಲಿಗೆ ಕರೆದೊಯ್ದರು.

ಮುಳ್ಳುಬೇಲಿಯ ಚಿಕ್ಕ ದೊಡ್ಡಿಯಲ್ಲಿ ಕಾಲು ಊದಿದ ಒಂದು ಕುರಿ. ಅದರ ಪಕ್ಕದಲ್ಲೇ, ರೋಗವಿಲ್ಲದ, ಹಲ್ಲು ಸವೆದ ಮುದಿ ಕುರಿಯೊಂದು ಮೆಲುಕು ಹಾಕುತ್ತ ಮಲಗಿತ್ತು.

"ಇದ್ಯಾಕೆ ಇಲ್ಲಿ?" ಅಂದೆ.

"ಜೊತೆಗೆ. ಮಂದೆಯಿಂದ ಒಂದನ್ನ ಬೇರೆ ಮಾಡಿದ್ರೆ ಇನ್ನೊಂದನ್ನ ಜೊತೆಗೆ ಬಿಡ್ಬೇಕು. ನಮ್ಮಪ್ಪನೂ ಅಂಗೇ ಮಾಡ್ತಿದ್ದ. ಒಂಟಿ ಬಿಟ್ರೆ ಮೇವು ಮುಟ್ಟಾಕಿಲ್ಲ, ಆದ್ರೆ ತಿನ್ಬಾರದ್ದೆಲ್ಲಾ ತಿಂತೈತೆ. ಹಗ್ಗ ತಿಂತೈತೆ, ಕವರ್ ತಿಂತೈತೆ, ತನ್ನ ಉಣ್ಣೆ ತಾನೇ ಕಿತ್ಕಂಡು ತಿಂತೈತೆ. ಪಕ್ಕದಾಗೆ ಒಂದು ಮೈ ಐತೆ ಅಂದ್ರೆ ಅದ್ನೆಲ್ಲಾ ಮೂಸಿ ಮೂತಿ ತಿರುಗಿಸ್ತೈತೆ. ಇಲೀನೂ ಅಂಗೇ ಇರ್ಬೋದು ಅಂದ್ಕಂಡೆ. ತೆಪ್ಪಾದ್ರೆ ತೆಪ್ಪೇ."

ಏಳು ವರ್ಷದಲ್ಲಿ ನಾನು ಓದಿದ ಪೇಪರುಗಳ ಕಟ್ಟು ನನ್ನ ಎದೆಯವರೆಗೆ ಬರುತ್ತದೆ. ಈ ದೊಡ್ಡಿಯ ಬೇಲಿ ಮಂಡಿಯವರೆಗೆ ಬರುತ್ತದೆ, ಅಷ್ಟೆ.

ಆಗ ಹೇಳಿದೆ. "ಬೋರಣ್ಣ, ನೀವು ಕೇಳಿದಾಗ ನಾನು ಹೂಂ ಅಂದಿದ್ದೆ."

"ಗೊತ್ತಲ್ಲಾ."

"ಮತ್ತೆ ಸರ್ ಮುಂದೆ ಯಾಕೆ ಹೇಳಲಿಲ್ಲ?"

"ಅವ್ರು ಯಾರು ಏಳಿದ್ದು ಅಂತ ಕೇಳಿದ್ರು. ಯಾರೂ ಏಳಿರ್ನಿಲ್ಲ, ನಾನೇ ಕೇಳಿದ್ದು. ನೀವು ಹೂಂ ಅಂದಿದ್ದು ನಿಮ್ಮ ಬಾಯಿಂದ. ಅದ್ನ ನಾನ್ಯಾಕೆ ಏಳ್ಲಿ?"

ಕೆಂಪಕ್ಕ ಬಾಗಿಲಿನಿಂದಲೇ ಸೇರಿಸಿದರು: "ಇವತ್ತಾದ್ರೂ ಬಂತಲ್ಲಾ ಬಾಯಿಂದ. ಉಣ್ಣಾಕೆ ಬರ್ರಿ."

ಮುದ್ದೆ, ಹುರುಳಿಕಾಳಿನ ಸಾರು. ಕಂಪನಿಯಲ್ಲಿ ದಿನಕ್ಕೆ ಎಷ್ಟು ಕಾಲರ್ ಹೊಲಿಯುತ್ತೇನೆಂದು ಕೆಂಪಕ್ಕ ಹೇಳುತ್ತಿದ್ದರೆ, ಆಕೆಯ ತಟ್ಟೆಗೆ ಬೋರಣ್ಣ ಕೇಳದೆಯೇ ಸಾರು ಬಡಿಸಿದರು. "ನೋಡ್ರಿ ಮೇಡಮ್ಮೋರೆ, ಕೆಲಸ ಹೋದ್ಮೇಲೆ ಬಂದಿರೋ ಬುದ್ಧಿ ಇದು," ಎಂದು ಆಕೆ ನಕ್ಕರು. ನಗು ಮುಗಿದ ಮೇಲೆ ತಟ್ಟೆ ನೋಡುತ್ತ, "ಆದ್ರೂ ಕೆಲಸ ಹೋಗ್ಬಾರ್ದಮ್ಮ," ಅಂದರು. "ಹನ್ನೊಂದು ವರ್ಸ ನಾವು ಬೇರೆ ಬೇರೆ ಇದ್ದಿದ್ದು ಅದ್ಕೇ ಅಲ್ವಾ. ಈಗ ತೆಪ್ಪು ಮಾಡ್ದೋನು ಅಂತ ಬರ್ದು ಕಳಿಸಿದ್ರೆ, ಇದ್ದಿದ್ದೆಲ್ಲಾ ಸುಮ್ಕೆ ಇದ್ದಂಗಾಯ್ತದೆ."

ನಾನು ಅಲ್ಲಿ ಮಾತು ಕೊಡಲಿಲ್ಲ. ಕೊಟ್ಟರೆ ಕೊಟ್ಟೆನೆಂಬ ಸಮಾಧಾನದಲ್ಲೇ ನಿಂತುಬಿಡುತ್ತೇನೆ, ನನ್ನನ್ನು ನಾನು ಬಲ್ಲೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ತಲೆ ನನ್ನ ಹೆಗಲಿಗೆ ಬಿತ್ತು. ಕಲ್ಯಾಣದುರ್ಗದವರೆಗೂ ಎಬ್ಬಿಸಲಿಲ್ಲ.

೧೮ ಜುಲೈ, ಸೋಮವಾರ

ಬೆಳಿಗ್ಗೆ ಎಂಟಕ್ಕೇ ಹೋಗಿ ಕೆಳಗಿನ ಸಾಲನ್ನು ಮತ್ತೆ ಜೊತೆ ಮಾಡಿದೆ. ಹಿಂದೆ ಯಾವುದಕ್ಕೆ ಯಾವುದು ಜೊತೆಯಿತ್ತೆಂದು ಬೋರಣ್ಣ ಬಾಯಲ್ಲೇ ಹೇಳಿದ್ದರು, ನಾನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡಿದ್ದೆ. ಕಿವಿ ಸೀಳಿದ್ದು ತನ್ನ ಜೊತೆಯ ಕುತ್ತಿಗೆಯನ್ನು ಸುಮಾರು ಹೊತ್ತು ಮೂಸಿತು. ಆಮೇಲೆ ಎರಡೂ ಮೂಲೆಗೆ ಹೋಗಿ ಒಂದೇ ಉಂಡೆಯಾದವು.

ರಿಜಿಸ್ಟರಿನಲ್ಲಿ ಬರೆದೆ: ಕೆಳಗಿನ ಸಾಲಿನ ಹನ್ನೆರಡು ಇಲಿಗಳನ್ನು ಇಂದಿನಿಂದ ಎರಡೆರಡಾಗಿ ಇಟ್ಟಿದ್ದೇನೆ. ಇಟ್ಟವಳು ನಾನು. ಸಹಿ, ಸಮಯ.

ಹನ್ನೊಂದಕ್ಕೆ ಸರ್ ರಿಜಿಸ್ಟರ್ ಹಿಡಿದುಕೊಂಡೇ ಬಂದರು.

"ಏಮಿಟಮ್ಮಾ ಇದಿ, ಏನಿದು? ಯಾರ ಪರ್ಮಿಷನ್?"

"ಪರ್ಮಿಷನ್ ಇಲ್ಲ ಸರ್. ಅದಕ್ಕೇ ಸಹಿ ಹಾಕಿದ್ದೇನೆ."

"ಕುರಿ ಕಾಯೋನ ಮಾತು ಕೇಳಿಕೊಂಡು ಸೈನ್ಸ್ ಮಾಡ್ತೀರಾ?"

"ಅವರು ಕೇಳಿ ಮಾಡಿದರು ಸರ್. ನಾವು ಕೇಳದೆ ಮಾಡ್ತಿದ್ದೀವಿ."

"ಅವರು!" ಎಂದು ನಕ್ಕರು. ಯಾಕೆ ನಕ್ಕರೋ ಗೊತ್ತಾಗಲಿಲ್ಲ. "ನೋಡಿ, ನೀವು ಒಳ್ಳೆ ಟೀಚರ್. ಏಳು ವರ್ಷ ಹಾಳು ಮಾಡ್ಕೋಬೇಡಿ. ಆ ಹಾಳೆ ಎಲ್ಲಿ?"

"ಮನೆಯಲ್ಲಿದೆ. ಸಹಿ ಹಾಕಲ್ಲ. ಜೊತೆ ಮಾಡಲಾ ಎಂದು ಬೋರಣ್ಣ ನನ್ನನ್ನು ಕೇಳಿದ್ದರು, ಆಗಲಿ ಅಂದವಳು ನಾನು. ಆ ಶನಿವಾರ ನಿಮ್ಮ ಮುಂದೆ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ."

ಅವರು ಕನ್ನಡಕ ತೆಗೆದು ಒರೆಸಿದರು. ಕೂಗುವರೆಂದು ಕಾದೆ, ಕೂಗಲಿಲ್ಲ. ಮೆಲ್ಲಗೆ ಕೇಳಿದರು: "ಇದನ್ನ ಇನ್ಯಾರಿಗಾದರೂ ಹೇಳಿದ್ದೀರಾ?"

"ಬೋರಣ್ಣನವರ ಮನೆಯಲ್ಲಿ ಬಿಟ್ಟರೆ ಇನ್ನೂ ಇಲ್ಲ."

"ಹೇಳಬೇಡಿ. ಪಿಎಚ್‌ಡಿ ಬೇಡವಾ ನಿಮಗೆ?"

"ಬೇಕು ಸರ್. ಏಳು ವರ್ಷ ಕಾದಿದೆ, ಅದಕ್ಕೆ ಕಾಯುವ ಅಭ್ಯಾಸ ಆಗಿದೆ."

ಇಷ್ಟು ಚುರುಕಾಗಿ ನಾನು ಯಾರಿಗೂ ಉತ್ತರ ಕೊಟ್ಟವಳಲ್ಲ. ಕಾರಿಡಾರಿಗೆ ಬಂದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಕೂತು ಆಡಿದ್ದನ್ನೆಲ್ಲ ಮತ್ತೊಮ್ಮೆ ನೆನೆದೆ. ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಸಂಜೆ ಅನ್ನದಾನಮ್ಮನಿಗೆ ಉಳಿದ ಅರ್ಧ ಕತೆಯನ್ನೂ ಹೇಳಿದೆ. "ಹೂಂ ಅಂದಿದ್ರೇನ್ರಿ? ಮತ್ತ ಮೊನ್ನಿ ಹೇಳಬೇಕಾದ್ರ ಅದನ್ನ ನುಂಗಿಬಿಟ್ರಿ ನೋಡ್ರಿ!" ಅಂದರು. ಆಮೇಲೆ ಎರಡನೇ ಮಷೀನಿನ ಸ್ಟೂಲಿನಿಂದ ಬಟ್ಟೆಯ ಗುಡ್ಡ ಇಳಿಸಿ, "ಕುಂದರ್ರಿ, ಯಾಕ ನಿಂತೀರಿ," ಅಂದರು.

೨೩ ಜುಲೈ, ಶನಿವಾರ

ಸರ್ ನನ್ನ ಗೈಡ್ ಆಗಿ ಮುಂದುವರಿಯುವುದಿಲ್ಲವೆಂದು ಪತ್ರ ಕೊಟ್ಟಿದ್ದಾರೆ. ಎರಡು ಸಾಲು.

ಕೊಡುವಾಗ ಬಾಯಲ್ಲಿ ಇನ್ನೊಂದು ಹೇಳಿದರು: "ಆ ಹನ್ನೆರಡನ್ನು ಸೋಮವಾರದೊಳಗೆ ಮುಗಿಸಿಬಿಡಿ. ಪ್ರಾಜೆಕ್ಟೇ ಇಲ್ಲ, ಪ್ರಾಣಿ ಯಾಕೆ?"

"ಬರೆದು ಕೊಡಿ ಸರ್."

"ಬಾಯಲ್ಲಿ ಹೇಳಿದರೆ ಸಾಲದಾ?"

"ಬಾಯಲ್ಲಿ ಹೇಳಿದ್ದರಿಂದ ಏನಾಯಿತು ಅಂತ ಈ ತಿಂಗಳು ನೋಡಿದ್ದೀವಲ್ಲ ಸರ್."

ಬರೆದು ಕೊಡಲಿಲ್ಲ. ಅನಿಮಲ್ ಹೌಸಿನ ಕೀಲಿ ನನ್ನ ಬ್ಯಾಗಿನಲ್ಲಿದೆ. ದಿನಕ್ಕೆ ಎರಡು ಸಲ ನಾನೇ ಮೇವು ನೀರು ಹಾಕುತ್ತೇನೆ.

ನನಗೆ ನಾನು ಒಂದು ಸ್ಪಷ್ಟ ಮಾಡಿಕೊಳ್ಳಬೇಕು. ನಾನು ಇಲಿಗಳನ್ನು ಉಳಿಸುತ್ತಿಲ್ಲ. ಅವಕ್ಕೆ ಚಟ ಹಿಡಿಸಿದ್ದು ಈ ಕೈಯೇ. ಪ್ರಯೋಗ ಮುಗಿದ ದಿನ ನಿಯಮದಂತೆ ಅವನ್ನು ಕೊನೆಗಾಣಿಸುವುದೂ ಇದೇ ಕೈ, ಹಿಂದೆಯೂ ಮಾಡಿದೆ. ಅದನ್ನು ಹೂವಿನ ಮಾತಿನಲ್ಲಿ ಮುಚ್ಚುವುದಿಲ್ಲ. ಆದರೆ ಒಬ್ಬ ಮನುಷ್ಯನ ಮೇಲೆ ಸುಳ್ಳು ಹೊರಿಸುವುದಕ್ಕೆ ಅನುಕೂಲವಾಗಲೆಂದು ಅವನ್ನು ಕೊಲ್ಲುವುದಿಲ್ಲ.

೨೬ ಜುಲೈ, ಮಂಗಳವಾರ

ಮತ್ತೆ ಪೆಟ್ಟಿಗೆಗೆ ಬಿಟ್ಟು ನೋಡಬೇಕೆಂಬ ಆಸೆ. ಜೊತೆಯಾಗಿ ಎಂಟು ದಿನವಾಯಿತು. ಒಂಬತ್ತು ಮತ್ತೆ ಎರಡಕ್ಕೆ ಇಳಿದಿದ್ದರೆ? ಆ ಅಂಕಿ ಪತ್ರದಲ್ಲಿದ್ದರೆ ಕಮಿಟಿ ನನ್ನನ್ನು ತಳ್ಳಿಹಾಕಲಾರದು.

ಬೆಳಿಗ್ಗೆ ಕಿವಿ ಸೀಳಿದ್ದನ್ನು ಕೈಗೆ ಎತ್ತಿಕೊಂಡೂ ಆಯಿತು. ಪೆಟ್ಟಿಗೆಯ ಬಾಗಿಲ ಬಳಿ ನಿಂತು ಯೋಚಿಸಿದೆ. ಇಳಿಯದಿದ್ದರೆ? ಆಗ ಪತ್ರ ಹಾಕುವುದಿಲ್ಲವೇ? ಬೋರಣ್ಣ ಕೇಳಿದ್ದು, ನಾನು ಹೂಂ ಅಂದದ್ದು ನಿಜ. ಇಲಿ ಯಾವ ಕೋಣೆಗೆ ಹೋದರೂ ಆ ನಿಜ ಹೆಚ್ಚುವುದಿಲ್ಲ, ಕಡಿಮೆಯಾಗುವುದಿಲ್ಲ. ನನಗೆ ಬೇಕಾಗಿದ್ದದ್ದು ಫಲಿತಾಂಶವಲ್ಲ, ಧೈರ್ಯಕ್ಕೆ ಒಂದು ಡೋಸ್.

ಇಲಿಯನ್ನು ಅದರ ಜೊತೆಯ ಹತ್ತಿರ ಬಿಟ್ಟೆ. ಪರೀಕ್ಷೆ ಪತ್ರ ಹೋದ ಮೇಲೆ.

೨೮ ಜುಲೈ, ಗುರುವಾರ

ಪತ್ರ ಮುಗಿಯಿತು. ಕಮಿಟಿಗೆ ಇಂಗ್ಲಿಷಿನಲ್ಲಿ, ಮೂರು ಪುಟ. ಅಂಕಿಗಳಿವೆ, ವಿಡಿಯೋಗಳಿವೆ, ಇದು ಸಾಬೀತಲ್ಲ ಎಂಬುದೂ ಇದೆ, ಯಾಕಲ್ಲ ಎಂಬ ಪಟ್ಟಿಯೂ ಇದೆ. ಜೊತೆಯಾಗಿಡುವ ಯೋಚನೆ ಯಾರದೆಂದು ಹೆಸರು, ಊರು, ಹನ್ನೊಂದು ವರ್ಷದ ಸರ್ವಿಸ್ ಸಹಿತ ಬರೆದಿದ್ದೇನೆ. ಇದೇ ಪ್ರಯೋಗವನ್ನು ಸರಿಯಾದ ಕ್ರಮದಲ್ಲಿ ಮತ್ತೆ ಮಾಡಲು ಅನುಮತಿ ಕೇಳಿದ್ದೇನೆ, ಪ್ರಾಣಿಗಳನ್ನು ನೋಡಿಕೊಳ್ಳಲು ಬೋರಣ್ಣನವರೇ ಬೇಕೆಂದೂ. ಗೈಡ್ ಇಲ್ಲದವಳಿಗೆ ಯಾರು ಕೊಡುತ್ತಾರೆ? ಕೊಡದಿದ್ದರೆ ಕೊಡಲಿಲ್ಲವೆಂದು ಅವರೂ ಬರೆದು ಸಹಿ ಹಾಕಲಿ.

ಕನ್ನಡದಲ್ಲೊಂದು ಪ್ರತಿ ರತ್ನಗಿರಿಗೆ. ಬೋರಣ್ಣ ಮೂರನೇ ಕ್ಲಾಸಿನವರೆಗೆ ಓದಿದವರು, ದೊಡ್ಡ ಅಕ್ಷರದಲ್ಲಿ ಬರೆದೆ. ಎರಡನೇ ಮಷೀನಿನ ಹಲಗೆಯ ಮೇಲೆ ಕಾಗದವಿಟ್ಟು ಬರೆಯುತ್ತಿದ್ದೇನೆ, ಇಲ್ಲಿ ಬೆಳಕು ಚೆನ್ನಾಗಿದೆ. ಅನ್ನದಾನಮ್ಮ ಜೇಬು ಹೊಲಿಯುತ್ತ ಜೋರಾಗಿ ಓದಲು ಹೇಳಿದರು. ಓದಿದೆ.

"ಚಲೋ ಐತಿ. ಆದ್ರ ಭಾಳ ಲಂಬ ಐತ್ರಿ. ಮೊದಲನೇ ಎರಡು ಸಾಲಿನಾಗ ಎಲ್ಲಾ ಬಂದುಬಿಟ್ಟೈತಿ."

"ಕಮಿಟಿಯವರಿಗೆ ಉದ್ದ ಬೇಕು."

"ಬೇಕಂದ್ರ ಹೊಲೀರಿ ಇನ್ನೊಂದ್ ಮೊಳ." ಮಷೀನ್ ನಿಲ್ಲಿಸಿದರು. "ಕೆಲಸ ತಗದ್ರ ಏನ್ ಮಾಡ್ತೀರಿ?"

"ಈ ಮಷೀನ್ ಖಾಲಿ ಇದೆಯಲ್ಲ."

"ಅಯ್ಯ, ನಿಮ್ಮ ಹೊಲಿಗಿ ಯಾರ್ ಉಡಬೇಕ್ರಿ! ಇಲೀನ ಉಡಬೇಕು."

ಇಬ್ಬರೂ ನಕ್ಕೆವು. ಆಕೆ ಒಳಗೆ ಹೋಗಿ ಎರಡು ತಟ್ಟೆ ತಂದರು. ಸಂಜೆ ಅನಿಮಲ್ ಹೌಸಿನಿಂದ ಬರುವಾಗ ಅಡುಗೆಮನೆಯಲ್ಲಿ ಫ್ಲಾಸ್ಕ್ ಕಾಣಿಸಿತು. ಯಾವತ್ತಿನದೋ ಕಾಫಿ ತಳದಲ್ಲಿ ಬ್ರೆಡ್ಡಿನ ಹಾಗೆ ಬೂಷ್ಟು ಹಿಡಿದಿತ್ತು. ತೊಳೆದು ಬೋರಲು ಹಾಕಬೇಕು, ನೆನಪಿರಲಿ.

ಎರಡೂ ಲಕೋಟೆ ಅಂಟಿಸಿದ್ದೇನೆ. ಇಂಗ್ಲಿಷಿನದರಲ್ಲೂ ಕನ್ನಡದ್ದರಲ್ಲೂ ಮೊದಲ ಎರಡು ಸಾಲು ಒಂದೇ, ಅವನ್ನು ಇಲ್ಲೂ ನಕಲು ಮಾಡುತ್ತೇನೆ:

ಜೊತೆ ಮಾಡಲೇ ಎಂದು ಬೋರಣ್ಣ ಕೇಳಿದರು. ನಾನು ಹೂಂ ಎಂದೆ.

ರಿಜಿಸ್ಟರ್ಡ್ ಪೋಸ್ಟ್, ರಾಯದುರ್ಗ ಪೋಸ್ಟಾಫೀಸು. ಅಂಚೆಗೆ ಹಾಕುವ ದಿನ: ೨೯ ಜುಲೈ ೨೦೧೧, ಶುಕ್ರವಾರ.